ದ್ರಾಕ್ಷಿ ಪಡದಿಂದ ಚೆಟ್‌ವುಡ್ ಮೆಟ್ಟಿಲಿಗೆ

ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ವರ್ಷಕ್ಕೆ ಎರಡು ಸಲ ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ. ಜೂನ್‌ನಲ್ಲೊಂದು, ಡಿಸೆಂಬರ್‌ನಲ್ಲೊಂದು. ಎರಡೂ ವಿಜಯಪುರ ಜಿಲ್ಲೆಯ ರೈತ ಮನೆ ಬಿಟ್ಟು ಕದಲಲಾಗದ ತಿಂಗಳುಗಳು. ಜೂನ್ ಬಂತೆಂದರೆ ತೊಗರಿ ಬಿತ್ತುವ ಹದಕ್ಕಾಗಿ ಮುಗಿಲು ನೋಡುತ್ತ ಕೂರಬೇಕು. ಡಿಸೆಂಬರ್ ಬಂತೆಂದರೆ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಪಡ ಬಿಟ್ಟು ಯಾರೂ ಅಲುಗಾಡುವುದಿಲ್ಲ. ಬಳ್ಳಿ ಸವರುವ ಅಕ್ಟೋಬರ್ ಚಾಟನಿ ಮುಗಿದು ಗೊನೆ ಕಾಳು ಕಟ್ಟುವ ಹೊತ್ತದು. ನಸುಕಿನಲ್ಲಿ ಮಂಜು ಇಳಿದರೆ ಡೌನಿ ರೋಗ ಬಂದೇ ಬರುತ್ತದೆ. ಔಷಧ ಹೊಡೆಯುವುದು ಒಂದು ದಿನ ತಪ್ಪಿದರೂ ವರ್ಷದ ದುಡಿಮೆ ಕೈಬಿಟ್ಟು ಹೋಗುತ್ತದೆ.

ನಮ್ಮ ಅಕ್ಕನನ್ನು ಕೊಟ್ಟ ಮನೆ ತಿಕೋಟಾ ಹತ್ತಿರದ ಹಳ್ಳಿಯಲ್ಲಿದೆ. ಅವಳ ಮಗನ ಪರೇಡು ಡಿಸೆಂಬರ್‌ಗೆ ಬಂದಾಗ ಮನೆಯಲ್ಲಿ ಮೊದಲು ಎದ್ದ ಮಾತು ಸಂತೋಷದ್ದಲ್ಲ, ಪಡದ್ದು. ‘ಹೋಗೂದು ಖರೆ, ಆದ್ರ ಬ್ಲೋವರ್ ಯಾರು ಹೊಡಸ್ತಾರ?’ ಎಂದು ಅಕ್ಕನ ಗಂಡ ಕೇಳಿದರು. ಕೊನೆಗೆ ಪಕ್ಕದ ಪಡದವರು, ‘ಮಗ ಆಫೀಸರ್ ಆಗೂದು ದಿನಾ ಬರ್ತೈತೇನು? ನೀವು ಹೋಗಿ ಬರ್ರಿ, ನಿಮ್ಮ ಪಡಾ ನಾವ್ ನೋಡ್ತೀವಿ’ ಎಂದು ಟ್ರ್ಯಾಕ್ಟರ್ ಕೀಲಿ ಇಸಿದುಕೊಂಡರು. ಆಮಂತ್ರಣ ಪತ್ರಿಕೆಯಲ್ಲಿ ಈ ನೆರೆಮನೆಯವರ ಹೆಸರಿರಲಿಲ್ಲ. ಆದರೆ ಒಬ್ಬ ಹುಡುಗ ಪರೇಡ್ ಮೈದಾನದಲ್ಲಿ ನಿಲ್ಲುವುದರ ಹಿಂದೆ ಇಂಥ ಎಷ್ಟು ಕೈಗಳಿರುತ್ತವೆ ಎಂಬುದು ಅಂದೇ ನನಗೆ ಮನವರಿಕೆಯಾಯಿತು. ಮಗನನ್ನು ಸೇನೆಗೆ ಕಳಿಸುವುದು ತಂದೆತಾಯಿ ಇಬ್ಬರ ನಿರ್ಧಾರ ಎಂದುಕೊಳ್ಳುತ್ತೇವೆ. ಹಳ್ಳಿಯಲ್ಲಿ ಅದು ಓಣಿಯ ನಿರ್ಧಾರ.

ಈ ದಾರಿ ಶುರುವಾಗುವುದು ವಿಜಯಪುರ ನಗರದ ಸೈನಿಕ ಶಾಲೆಯಲ್ಲಿ. ಸೇನೆಯ ಅಧಿಕಾರಿ ವರ್ಗದಲ್ಲಿ ಕೆಲವೇ ಪ್ರಾಂತ್ಯಗಳವರು, ಕೆಲವೇ ಅನುಕೂಲಸ್ಥ ಮನೆತನಗಳವರು ತುಂಬಿದ್ದ ಕಾಲವೊಂದಿತ್ತು. ಅದನ್ನು ಸರಿಪಡಿಸಬೇಕು, ಸಾಮಾನ್ಯರ ಮಕ್ಕಳಿಗೂ ಪಬ್ಲಿಕ್ ಸ್ಕೂಲಿನ ಶಿಕ್ಷಣ ಕೊಟ್ಟು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಅಣಿಗೊಳಿಸಬೇಕು ಎಂದು ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ ಸೈನಿಕ ಶಾಲೆಗಳ ಯೋಜನೆ ರೂಪುಗೊಂಡಿತು. 1961ರಲ್ಲಿ ಸಾತಾರಾದಲ್ಲಿ ಮೊದಲ ಶಾಲೆ ತೆರೆಯಿತು. 1963ರ ಸೆಪ್ಟೆಂಬರ್ 16ರಂದು ವಿಜಯಪುರದ ಶಾಲೆ ಆರಂಭವಾಯಿತು. ರಾಜ್ಯಕ್ಕೆ ಇಂಥ ಎರಡನೇ ಶಾಲೆ ಕೊಡಗಿನ ಕೂಡಿಗೆಯಲ್ಲಿ ಬಂದದ್ದು 2007ರಲ್ಲಿ. ಅಂದರೆ ನಲವತ್ತಕ್ಕೂ ಹೆಚ್ಚು ವರ್ಷ ಕರ್ನಾಟಕಕ್ಕೆಲ್ಲ ಇದ್ದದ್ದು ಇದೊಂದೇ. ದಕ್ಷಿಣದ ಜಿಲ್ಲೆಗಳ ಹುಡುಗರೂ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಇಲ್ಲಿಗೇ ಬರಬೇಕಿತ್ತು. ಸೇನೆಯ ಅತಿ ಹಿರಿಯ ಹುದ್ದೆಗಳಿಗೇರಿದ ಲೆಫ್ಟಿನೆಂಟ್ ಜನರಲ್ ರಮೇಶ ಹಲಗಲಿ ಅವರಂಥವರು ಓದಿದ್ದು ಇದೇ ಶಾಲೆಯಲ್ಲಿ.

ಶಾಲೆಯ ಹೌಸ್‌ಗಳಿಗೆ ಇಟ್ಟಿರುವುದು ಈ ನಾಡನ್ನು ಆಳಿದವರ ಹೆಸರುಗಳು: ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. ಇತಿಹಾಸದಲ್ಲಿ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋದವರ ಹೆಸರಿನಲ್ಲಿ ಮಕ್ಕಳು ಸಂಜೆ ಫುಟ್‌ಬಾಲ್ ಆಡಿ ರಾತ್ರಿ ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ. ಮಲಿಕ್-ಎ-ಮೈದಾನ್ ತೋಪು ಬುರುಜಿನ ಮೇಲೆ ಸುಮ್ಮನೆ ಕೂತಿರುವ ಊರಿನಲ್ಲಿ ಇದನ್ನು ನೋಡಿದಾಗಲೆಲ್ಲ ನನಗೆ ಅಭಿಮಾನ ಎನಿಸುತ್ತದೆ.

ಆರನೇ ತರಗತಿಗೆ ಸೇರುವಾಗ ಹುಡುಗನಿಗೆ ಹತ್ತು ತುಂಬಿತ್ತು. ತಿಕೋಟಾದಿಂದ ವಿಜಯಪುರಕ್ಕೆ ಅಥಣಿ ರಸ್ತೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್, ಬಸ್ಸು ಮುಕ್ಕಾಲು ತಾಸಿನ ಹಾದಿ. ‘ಇಲ್ಲೇ ಅದಾನಲ್ಲ ಬಿಡು’ ಎಂದು ಎಲ್ಲರೂ ಅಕ್ಕನಿಗೆ ಸಮಾಧಾನ ಹೇಳಿದರು. ಆದರೆ ವಸತಿ ಶಾಲೆಯಲ್ಲಿ ಮಗನನ್ನು ಬಿಟ್ಟ ತಾಯಿಗೆ ಇಪ್ಪತ್ತು ಕಿಲೋಮೀಟರೂ ಒಂದೇ, ಎರಡು ಸಾವಿರ ಕಿಲೋಮೀಟರೂ ಒಂದೇ. ಭೇಟಿಯ ದಿನಗಳು ಗೊತ್ತುಮಾಡಿದವು. ನಡುವೆ ಹೋಗಿ ಗೇಟಿನಲ್ಲಿ ನಿಂತರೂ ನೋಡಲಾಗದು. ಎಷ್ಟೋ ಸಲ ಸಂತೆಯ ನೆವದಲ್ಲಿ ನಗರಕ್ಕೆ ಹೋದವಳು ಬಯಲಿನಾಚೆ ಗೋಳಗುಮ್ಮಟದ ಗುಮ್ಮಟ ಕಂಡ ಕೂಡಲೇ ಮಾತು ನಿಲ್ಲಿಸಿಬಿಡುತ್ತಿದ್ದಳು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಅಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ಚಳಿಗಾಲದ ರಜೆಗೆ ಬಂದಾಗ ಅವನು ಬೂಟಿಗೆ ಪಾಲಿಶ್ ಹಾಕುವುದನ್ನು ನಮಗೆಲ್ಲ ತೋರಿಸಿಕೊಟ್ಟ. ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಒಂದೇ ಹನಿ ನೀರು ಬಿಟ್ಟು, ಬೂಟಿನ ತುದಿಯ ಮೇಲೆ ಸಣ್ಣ ಸಣ್ಣ ಸುತ್ತು ತಿರುವುತ್ತ ಅರ್ಧ ತಾಸು ಕೂತಿದ್ದ. ಹಾಸಿಗೆ ಬಿಟ್ಟು ಏಳಲು ಹತ್ತು ಸಲ ಕೂಗಿಸಿಕೊಳ್ಳುತ್ತಿದ್ದ ಹುಡುಗ ನಸುಕಿನಲ್ಲೇ ಎದ್ದು ತನ್ನ ಕೌದಿ ತಾನೇ ಮಡಚಿಟ್ಟಿದ್ದ. ಅದನ್ನು ನೋಡಿ ಅಕ್ಕ ಹಿಗ್ಗಿದಳೋ ನೊಂದಳೋ ಹೇಳಲಾರೆ. ಮಡಚಿದ ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿದಳು.

ಈ ಶಾಲೆಯ ಬಗ್ಗೆ ನನ್ನದೊಂದು ಕೊರಗಿದೆ. ಶಾಲೆ ನಮ್ಮ ಅಂಗಳದಲ್ಲಿದೆ. ಆದರೆ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಿ ಅದರ ಪ್ರವೇಶ ಪರೀಕ್ಷೆಯ ಬಗ್ಗೆ ಕೇಳಿದರೆ ಹತ್ತರಲ್ಲಿ ಎಂಟು ಮನೆಯವರು, ‘ಅದು ದೊಡ್ಡವರ ಮಕ್ಕಳಿಗಿ’ ಎನ್ನುತ್ತಾರೆ. ಹಾಗಿಲ್ಲ. ಅಖಿಲ ಭಾರತ ಸೈನಿಕ ಶಾಲೆ ಪ್ರವೇಶ ಪರೀಕ್ಷೆಯನ್ನು ಆರನೇ ತರಗತಿಗೆ ಸೇರುವ ಮಕ್ಕಳು ಕನ್ನಡದಲ್ಲೇ ಬರೆಯಬಹುದು. ಸೀಟುಗಳಲ್ಲಿ ಶೇ 67ರಷ್ಟು ಶಾಲೆ ಇರುವ ರಾಜ್ಯದ ಮಕ್ಕಳಿಗೇ ಮೀಸಲು. ಶುಲ್ಕ ವರ್ಷಕ್ಕೆ ಲಕ್ಷ ರೂಪಾಯಿ ದಾಟುತ್ತದೆ ಎಂಬುದು ನಿಜ, ಅದೇ ಬಹಳ ಮನೆಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಆದರೆ ಪೋಷಕರ ಆದಾಯ ನೋಡಿ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತದೆ ಎಂಬ ಮಾತು ಶುಲ್ಕದ ಸುದ್ದಿ ಹಬ್ಬಿದಷ್ಟು ಹಬ್ಬಿಲ್ಲ. ಕೃಷ್ಣೆಯ ನೀರನ್ನು ಎತ್ತಿ ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಒಣಭೂಮಿಗೆ ಹರಿಸಲು ನಮಗೆ ಸಾಧ್ಯವಾಯಿತು. ಒಂದು ಪರೀಕ್ಷೆಯ ಮಾಹಿತಿಯನ್ನು ನಾಲ್ಕನೇ ತರಗತಿಯ ಮಗುವಿನ ಮನೆಗೆ ಮುಟ್ಟಿಸುವುದು ಅದಕ್ಕಿಂತ ಕಷ್ಟದ್ದೇ? ಹಳ್ಳಿಯ ಪ್ರತಿಯೊಂದು ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ಈ ನಾಲ್ಕು ಸಾಲು ಬರೆಸಿದರೆ ಸಾಕು.

ಶಾಲೆ ಮುಗಿದರೆ ದಾರಿ ಮುಗಿಯಿತು ಎಂದಲ್ಲ, ಅಲ್ಲಿಂದ ಮುಂದೆ ಇನ್ನೂ ಕಡಿದಾಗುತ್ತದೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಎನ್‌ಡಿಎ ಪರೀಕ್ಷೆಯಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಅದು ದಾಟಿದ ಮೇಲೆ ಎಸ್‌ಎಸ್‌ಬಿ ಸಂದರ್ಶನಕ್ಕೆ ಮತ್ತೆ 900. ಐದು ದಿನ ಹುಡುಗರನ್ನು ಒಟ್ಟಿಗೆ ಇಟ್ಟುಕೊಂಡು ಮಾತಾಡಿಸಿ, ಬರೆಸಿ, ಹಗ್ಗ ಹಲಗೆ ಕೊಟ್ಟು ಅಡ್ಡಿ ದಾಟಿಸಿ, ಇವನು ನಾಲ್ಕು ಜನರನ್ನು ಕಟ್ಟಿಕೊಂಡು ಕೆಲಸ ಮಾಡಬಲ್ಲನೇ ಎಂದು ಅಳೆಯುತ್ತಾರೆ. ನಮ್ಮ ಹುಡುಗನಿಗೆ ಮೊದಲ ಸಲ ಆಗಲಿಲ್ಲ. ಊರಿಗೆ ಬಂದು ಎರಡು ದಿನ ಪಡದಲ್ಲಿ ಒಬ್ಬನೇ ತಿರುಗಾಡಿದ. ಅವನಪ್ಪ ಏನೂ ಕೇಳಲಿಲ್ಲ. ಮೂರನೆಯ ದಿನ, ‘ಚಾಟನಿ ಮಾಡಿದ ಬಳ್ಳಿ ನೋಡಿದ್ರ ಸತ್ತಂಗ ಕಾಣ್ತೈತಿ ನೋಡಪಾ. ಹದಿನೈದು ದಿನಕ್ಕ ಮತ್ತ ಚಿಗೀತೈತಿ’ ಎಂದಷ್ಟೇ ಹೇಳಿದರು. ಎರಡನೇ ಸಲ ಆಯ್ಕೆಯಾದ.

ಎನ್‌ಡಿಎ ಇರುವ, ಪುಣೆ ಹತ್ತಿರದ ಖಡಕ್ವಾಸ್ಲಾ ನಮ್ಮ ಭಾಗದವರಿಗೆ ಅಷ್ಟು ದೂರದ್ದಲ್ಲ. ಸೊಲ್ಲಾಪುರ ದಾಟಿ ಪುಣೆ ಹೆದ್ದಾರಿ ಹಿಡಿದರೆ ಒಂದು ಹಗಲಿನ ಪ್ರಯಾಣ. 1949ರಲ್ಲಿ ನೆಹರೂ ಅಡಿಗಲ್ಲು ಹಾಕಿದ, 1955ರ ಜನವರಿಯಲ್ಲಿ ಉದ್ಘಾಟನೆಯಾದ ಅಕಾಡೆಮಿ ಅದು. ಭೂಸೇನೆ, ನೌಕಾಪಡೆ, ವಾಯುಪಡೆಗೆ ಹೋಗುವವರು ಮೂರು ವರ್ಷ ಅಲ್ಲಿ ಒಟ್ಟಿಗೇ ಬೆಳೆಯುತ್ತಾರೆ. 1971ರ ಬಸಂತರ್ ಕದನದಲ್ಲಿ ಇಪ್ಪತ್ತೊಂದರ ಹರೆಯದಲ್ಲೇ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅವರ ಹೆಸರಿನ ಮೈದಾನದಲ್ಲಿ ಅಲ್ಲಿಯ ಪರೇಡು. ಮೇಲೆ ವಿಮಾನಗಳು ಹಾದುಹೋದವು, ಎಲ್ಲರೂ ಫೋಟೊ ತೆಗೆಸಿಕೊಂಡರು. ಆದರೆ ಖಡಕ್ವಾಸ್ಲಾದಲ್ಲಿ ಯಾರ ಹೆಗಲಿಗೂ ನಕ್ಷತ್ರ ಏರುವುದಿಲ್ಲ. ಅಲ್ಲಿಂದ ಭೂಸೇನೆಯವರು ಇನ್ನೊಂದು ವರ್ಷ ಡೆಹ್ರಾಡೂನಿಗೆ, ನೌಕಾಪಡೆಯವರು ಕೇರಳದ ಏಳಿಮಲಕ್ಕೆ, ವಾಯುಪಡೆಯವರು ಹೈದರಾಬಾದ್ ಬಳಿಯ ದುಂಡಿಗಲ್‌ಗೆ. ‘ಇನ್ನೂ ಒಂದು ವರ್ಷೇನೋ?’ ಎಂದು ಅವನ ಆಯಿ, ಅಂದರೆ ನಮ್ಮವ್ವ, ಬಬಲೇಶ್ವರದ ಮನೆಯ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿದಳು. ಶಾಲೆಯ ಏಳು, ಖಡಕ್ವಾಸ್ಲಾದ ಮೂರು, ಡೆಹ್ರಾಡೂನಿನ ಒಂದು. ಹತ್ತು ವರ್ಷದವನಿದ್ದಾಗ ಕೊಟ್ಟ ಮೊಮ್ಮಗನನ್ನು ಹನ್ನೊಂದು ವರ್ಷ ಬೇರೆಯವರು ಬೆಳೆಸಿದಂತಾಯಿತು.

ಡೆಹ್ರಾಡೂನಿಗೆ ತಾನೂ ಬರುವುದೇ ಎಂದು ಅವ್ವ ಹಠ ಹಿಡಿದಳು. ಹೊರಡುವ ಮುಂಚಿನ ದಿನ ಬಬಲೇಶ್ವರದ ಗುರುಪಾದೇಶ್ವರ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಬುತ್ತಿಯ ವಿಚಾರ ಹೇಳಲೇಬೇಕು. ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆ ಹೋಳಿಗೆ, ಮಾದಲಿ, ಚುರಮುರಿ ಚೂಡಾ, ಮನೆಯ ಶೆಡ್ಡಿನಲ್ಲಿ ಒಣಗಿಸಿದ ಮಣೂಕಿನ ದೊಡ್ಡ ಡಬ್ಬಿ. ಜೋಳದ ಕಟಕ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಅದಕ್ಕೇ ಈ ಸೀಮೆಯಿಂದ ದೂರ ಹೋಗುವವರ ಜೊತೆ ಅದು ಯಾವಾಗಲೂ ಹೊರಡುತ್ತದೆ. ಸೊಲ್ಲಾಪುರದವರೆಗೆ ಜೀಪು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಮುಂದೆ ಡೆಹ್ರಾಡೂನ್. ಉತ್ತರದ ಡಿಸೆಂಬರ್ ಮಂಜಿಗೆ ರೈಲು ತಡವಾಗುತ್ತ ಹೋಯಿತು. ಕಿಟಕಿಯಾಚೆ ಏನೂ ಕಾಣದ ಆ ಬಿಳಿ ಮಂಜನ್ನು ನೋಡುತ್ತ ಅಕ್ಕನ ಗಂಡ ಊರಿಗೆ ಫೋನು ಹಚ್ಚಿ, ‘ಅಲ್ಲಿ ಮಂಜ ಬಿದ್ದೈತೇನು?’ ಎಂದು ಕೇಳಿದರು. ಮಗನ ಜೀವನದ ಅತಿ ದೊಡ್ಡ ದಿನಕ್ಕೆ ಹೋಗುತ್ತಿರುವ ತಂದೆಯ ಅರ್ಧ ಜೀವ ಪಡದಲ್ಲೇ ಇತ್ತು. ಅದರಲ್ಲಿ ತಪ್ಪೇನಿಲ್ಲ. ಮಗನ ಶುಲ್ಕ ಕಟ್ಟಿದ್ದೂ ಆ ಪಡವೇ.

ಅಕಾಡೆಮಿಯ ಚೆಟ್‌ವುಡ್ ಕಟ್ಟಡದ ಮುಂದಿನ ಡ್ರಿಲ್ ಸ್ಕ್ವೇರ್‌ನ ಸುತ್ತ ಬೆಳಿಗ್ಗೆಯೇ ಜನ ತುಂಬಿದ್ದರು. ಪಂಜಾಬಿನ ಪಗಡಿಗಳು, ಗಢವಾಲದ ಟೋಪಿಗಳು, ಮಣಿಪುರದ ಶಾಲುಗಳು. ಅವುಗಳ ನಡುವೆ ನಮ್ಮವ್ವನ ಇಳಕಲ್ ಸೀರೆಯ ಕೆಂಪು ಸೆರಗು, ಅಕ್ಕನ ಗಂಡನ ಬಿಳಿ ಟೋಪಿ. ಪಕ್ಕದಲ್ಲಿ ಕೂತಿದ್ದ ಹರಿಯಾಣದ ತಾಯಿಗೂ ನಮ್ಮವ್ವನಿಗೂ ಒಂದೂ ಸಮಾನ ಭಾಷೆ ಇರಲಿಲ್ಲ. ಅವ್ವ ಮಣೂಕಿನ ಡಬ್ಬಿ ತೆಗೆದು ಮುಂದೆ ಹಿಡಿದಳು, ಆಕೆ ತನ್ನ ಶಾಲಿನ ಅರ್ಧ ಅವ್ವನ ಮೊಣಕಾಲ ಮೇಲೆ ಹೊದೆಸಿದಳು. ಕೆಡೆಟ್‌ಗಳು ಸಾಲಾಗಿ ಒಳಬಂದಾಗ ನೂರಾರು ಬೂಟುಗಳ ಸದ್ದು ಒಂದೇ ಸದ್ದಾಗಿ ನೆಲಕ್ಕೆ ಬೀಳುತ್ತಿತ್ತು. ಅಷ್ಟು ಜನರಲ್ಲಿ ತನ್ನ ಮಗ ಯಾರೆಂದು ಅಕ್ಕನಿಗೆ ಗುರುತು ಹತ್ತಲಿಲ್ಲ. ಒಂದೇ ಎತ್ತರ, ಒಂದೇ ಉಡುಪು, ಒಂದೇ ನಡಿಗೆ. ‘ಯಾರ್ ಯಾರರ ಇರಲಿ, ಎಲ್ಲಾ ನಮ್ಮ ಹುಡುಗರ ಅದಾವ’ ಎಂದು ಅವ್ವ ಇಡೀ ಮೈದಾನಕ್ಕೇ ಕೈ ಮುಗಿದಳು. ಪರೇಡಿನ ಕೊನೆಗೆ ತೇರ್ಗಡೆಯಾದವರು ನಿಧಾನದ ನಡಿಗೆಯಲ್ಲಿ ಚೆಟ್‌ವುಡ್ ಕಟ್ಟಡದ ಮೆಟ್ಟಿಲೇರಿ ಒಳಗೆ ಹೋಗುತ್ತಾರೆ. ಅಲ್ಲಿ ದಾಟುವ ಕೊನೆಯ ಹೆಜ್ಜೆಗೆ ಅಂತಿಮ ಪಗ್ ಎನ್ನುತ್ತಾರೆ. ಕೆಡೆಟ್ ಆಗಿ ಅದೇ ಕೊನೆ.

ಅದಾದ ಮೇಲೆ ಬರುವುದು ಪಿಪ್ಪಿಂಗ್, ಹೆಗಲಿಗೆ ನಕ್ಷತ್ರ ತೊಡಿಸುವ ಶಾಸ್ತ್ರ. ಇಡೀ ಸಮಾರಂಭದಲ್ಲಿ ಕುಟುಂಬಕ್ಕೆ ಸೇನೆ ಒಂದು ಕೆಲಸ ಕೊಡುವ ಗಳಿಗೆ ಇದೊಂದೇ. ಲೆಫ್ಟಿನೆಂಟ್‌ಗೆ ಒಂದೊಂದು ಹೆಗಲಿಗೆ ಎರಡೆರಡು ನಕ್ಷತ್ರ. ಅವನ್ನು ಲೋಕಕ್ಕೆ ತೋರುವ ಕೈ ಜನರಲ್‌ನದಲ್ಲ, ಹೆತ್ತವರದು. ಅಕ್ಕ ಎಡಕ್ಕೆ ನಿಂತಳು, ಗಂಡ ಬಲಕ್ಕೆ. ವರ್ಷಗಟ್ಟಲೆ ಬಳ್ಳಿ ಕಟ್ಟಿ, ಗೊನೆಗಳನ್ನು ಒಂದೊಂದಾಗಿ ದ್ರಾವಣದಲ್ಲಿ ಅದ್ದಿ ಒರಟಾದ ಅಕ್ಕನ ಬೆರಳುಗಳು ಚಳಿಗೆ ಮರಗಟ್ಟಿದ್ದವು. ಉಗುರಿನ ಸಂದಿಯಲ್ಲಿ ಬೋರ್ಡೊ ದ್ರಾವಣದ ನೀಲಿ ಇನ್ನೂ ಹಾಗೇ ಇತ್ತು. ಹೊರಡುವ ಮುಂಚೆ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಆ ಬೆರಳು ಮಗನ ಹೆಗಲಪಟ್ಟಿಯ ಮೇಲೆ ತಡವರಿಸಿದಾಗ ಅವನು ಕತ್ತು ಅಲುಗಿಸದೆ, ನೋಟ ಕದಲಿಸದೆ, ತುಟಿಯಂಚಿನಲ್ಲೇ ‘ಸಾವಕಾಶ ಹಾಕವ್ವಾ, ಗಡಬಡಿ ಇಲ್ಲ’ ಎಂದ. ಹನ್ನೊಂದು ವರ್ಷ ತಾಯಿಯನ್ನು ಕಾಯಿಸಿದ ವ್ಯವಸ್ಥೆ ಆ ಒಂದು ನಿಮಿಷ ಅವಳಿಗಾಗಿ ಕಾದು ನಿಂತಿತ್ತು. ನಕ್ಷತ್ರ ನೆಟ್ಟಗಾದ ಮೇಲೆ ಅವನು ಮೊದಲ ಸೆಲ್ಯೂಟ್ ಹೊಡೆದದ್ದು ಆಯಿಗೆ. ಅವಳಿಗೆ ತಿರುಗಿ ಸೆಲ್ಯೂಟ್ ಹೊಡೆಯಲು ಬರುವುದಿಲ್ಲ. ಎರಡೂ ಕೈಯಿಂದ ಅವನ ಮುಖ ನಿವಾಳಿಸಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು.

ಈ ಒಂದು ನಿಮಿಷ ಕೂಡ ಸುಲಭವಾಗಿ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಭಾರತೀಯರು ಅಧಿಕಾರಿಯಾಗಬೇಕಾದರೆ ಬಹುಕಾಲ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೇ ಹೋಗಬೇಕಿತ್ತು, ಅದೂ ಬೆರಳೆಣಿಕೆಯ ಜನ. ಕೊಡಗಿನ ತಿಮ್ಮಯ್ಯನವರು 1926ರಲ್ಲಿ ಅಲ್ಲಿಂದ ಅಧಿಕಾರಿಯಾಗಿ ಹೊರಬಂದರು. ಅವರಿಗಿಂತ ಮುಂಚೆ ಕಾರ್ಯಪ್ಪನವರು 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿದ್ದು ಅಪವಾದ. ಹಡಗಿನಲ್ಲಿ ವಾರಗಟ್ಟಲೆ ಕೂತು ಮಗನ ಪರೇಡು ನೋಡಲು ಇಂಗ್ಲೆಂಡಿಗೆ ಹೋಗುವ ಶಕ್ತಿ ಯಾವ ಮನೆಗಿತ್ತು? 1932ರಲ್ಲಿ ಡೆಹ್ರಾಡೂನಿನ ಅಕಾಡೆಮಿ ನಲವತ್ತು ಕೆಡೆಟ್‌ಗಳೊಂದಿಗೆ ಶುರುವಾಯಿತು. ಮುಂದೆ ಫೀಲ್ಡ್ ಮಾರ್ಷಲ್ ಆದ ಸ್ಯಾಮ್ ಮಾಣೆಕ್ ಶಾ ಆ ಮೊದಲ ತಂಡದವರು. ಅಧಿಕಾರಿಯನ್ನು ಅವನ ನೆಲದಲ್ಲೇ, ಅವನ ಜನರ ಕಣ್ಣೆದುರೇ ಸಿದ್ಧಗೊಳಿಸುವ ಕಾಲ ಬಂದದ್ದು ಆಗ.

ಅದು ಕೈತಪ್ಪಿದಾಗಲೇ ಅದರ ಬೆಲೆ ಗೊತ್ತಾದದ್ದು. 2020ರ ಜೂನ್ 13ರಂದು, ಕೊರೊನಾ ಕಾಲದಲ್ಲಿ, ಅಕಾಡೆಮಿಯ ಇತಿಹಾಸದಲ್ಲಿ ಮೊದಲ ಸಲ ಹೆತ್ತವರಿಲ್ಲದ ಪರೇಡು ನಡೆಯಿತು. ಭಾರತದ 333 ಮತ್ತು ಮಿತ್ರ ದೇಶಗಳ 90 ಕೆಡೆಟ್‌ಗಳು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ನಡೆದರು. ನಕ್ಷತ್ರ ತೊಡಿಸಲು ಅಕಾಡೆಮಿಯ ಅಧಿಕಾರಿಗಳು ಮತ್ತು ಅವರ ಮನೆಯವರು ತಂದೆತಾಯಿಯ ಜಾಗದಲ್ಲಿ ನಿಂತರು. ದೇಶದ ಮೂಲೆಮೂಲೆಯ ಮನೆಗಳಲ್ಲಿ ಜನ ಟಿವಿ, ಮೊಬೈಲ್ ಮುಂದೆ ಕೂತು ನೋಡಿದರು. ಆ ದಿನ ಮಗನ ಹೆಗಲು ಮುಟ್ಟಲಾಗದೆ ಹೋದ ತಾಯಂದಿರ ಬಗ್ಗೆ ನನಗೆ ಈಗಲೂ ಸಂಕಟವಾಗುತ್ತದೆ. ಅದು ಮರಳಿ ಬರುವ ದಿನವಲ್ಲ.

ಅಧಿಕಾರಿಯಾದ ಹುಡುಗನ ಫೋಟೊ ಜಿಲ್ಲೆಯ ಪತ್ರಿಕೆಗಳಲ್ಲಿ ಬರುತ್ತದೆ, ಶಾಸಕರು ಶಾಲು ಹೊದೆಸುತ್ತಾರೆ. ಬರಲಿ, ಹೊದೆಸಲಿ. ಆದರೆ ನಮ್ಮ ಹಳ್ಳಿಗಳಿಂದ ಸೇನೆಗೆ ಹೋಗುವವರಲ್ಲಿ ಬಹುಪಾಲು ಹುಡುಗರು ಹೋಗುವುದು ಜವಾನರಾಗಿ. ಅವರ ಮನೆಯವರು ಡೆಹ್ರಾಡೂನಿಗೆ ಹೋಗುವುದಿಲ್ಲ, ಬೆಳಗಾವಿಯ ಬಸ್ಸು ಹತ್ತುತ್ತಾರೆ. 1768ರಷ್ಟು ಹಿಂದಿನ ಮೂಲವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಅಲ್ಲಿದೆ. ವಾಯುಪಡೆಗೆ ಸೇರಿದವರ ತರಬೇತಿ ಅಲ್ಲೇ ಸಾಂಬ್ರಾದಲ್ಲಿ. ಜವಾನರ ಕಸಮ್ ಪರೇಡಿನಲ್ಲಿ ರಾಷ್ಟ್ರಧ್ವಜದ ಎದುರು, ಎಲ್ಲ ಧರ್ಮಗಳ ಗ್ರಂಥಗಳನ್ನು ಹಿಡಿದ ಧರ್ಮಗುರುಗಳ ಮುಂದೆ ಹುಡುಗರು ಪ್ರಮಾಣ ಮಾಡುತ್ತಾರೆ. ಹೆತ್ತವರ ಎದೆಗೆ ಗೌರವ ಪದಕ ತೊಡಿಸುವ ಒಳ್ಳೆಯ ಪದ್ಧತಿಯನ್ನೂ ರೆಜಿಮೆಂಟಿನ ಕೇಂದ್ರಗಳು ಇಟ್ಟುಕೊಂಡಿವೆ. ಕಬ್ಬು ಕಡಿಯಲು ಹೋಗುವ ಕೂಲಿಯ ಎದೆಗೆ ಪದಕ ತೊಡಿಸಿ ಸೈನ್ಯ ಕೈಕುಲುಕುವುದು ನನ್ನ ಲೆಕ್ಕದಲ್ಲಿ ಚೆಟ್‌ವುಡ್ ಮೆಟ್ಟಿಲಿಗಿಂತ ಒಂದು ಕೂದಲೂ ಕಡಿಮೆಯಲ್ಲ. ಊರಿನ ಮೆರವಣಿಗೆಯೂ ಜವಾನನಿಗೆ ಅಷ್ಟೇ ಜೋರಾಗಿ ಆಗಬೇಕು. 2022ರಲ್ಲಿ ಬಂದ ಅಗ್ನಿಪಥದಲ್ಲಿ ನಾಲ್ಕು ವರ್ಷಕ್ಕೆ ಸೇರುವ ಹುಡುಗರಲ್ಲಿ ಕಾಯಂ ಆಗುವವರು ಶೇ 25ರವರೆಗೆ ಮಾತ್ರ. ಪದಕ ತೊಟ್ಟ ತಂದೆಯ ಮನಸ್ಸಿನಲ್ಲಿ ಐದನೆಯ ವರ್ಷದ ಚಿಂತೆ ಆಗಲೇ ಶುರುವಾಗಿರುತ್ತದೆ. ಅದನ್ನು ಮರೆತು ಬರೀ ಬ್ಯಾಂಡಿನ ಬಗ್ಗೆ ಬರೆಯುವುದು ಸರಿಯಲ್ಲ.

ಇನ್ನೊಂದು ಮಾತನ್ನು ಡೆಹ್ರಾಡೂನಿನ ಆ ಪರೇಡಿನ ದಿನ ಯಾರೂ ಆಡಲಿಲ್ಲ. ಆದರೆ ಎಲ್ಲರ ಎದೆಯಲ್ಲೂ ಅದಿತ್ತು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಆರು ದಿನ ಹೂತಿದ್ದು ಜೀವಂತವಾಗಿ ಸಿಕ್ಕ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಉತ್ತರ ಕರ್ನಾಟಕದ ಗುಡಿಗಳಲ್ಲಿ, ದರ್ಗಾಗಳಲ್ಲಿ ಜನ ಹರಕೆ ಹೊತ್ತಿದ್ದರು. ಫೆಬ್ರುವರಿ 11ರಂದು ಅವರು ಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ಅವರ ದೇಹ ಬಂದ ದಿನ ನಮ್ಮವ್ವ ಒಲೆ ಹಚ್ಚಿರಲಿಲ್ಲ. ಅವರು ನಮ್ಮ ಬಂಧುವಲ್ಲ, ನಮ್ಮ ಜಿಲ್ಲೆಯವರೂ ಅಲ್ಲ. ಆಗ ನಮ್ಮ ಹುಡುಗ ಸೈನಿಕ ಶಾಲೆಯಲ್ಲಿದ್ದ. ‘ಇನ್ನೂ ಬೇಕಾದ್ರ ಬಿಡಿಸ್ಕೊಂಡ್ ಬರೂಣೇನು?’ ಎಂದು ಅಕ್ಕ ಕೇಳಿದ್ದಳು. ಯಾರೂ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಎರಡು ದಿನ ಬಿಟ್ಟು ಭೇಟಿಯ ದಿನಕ್ಕೆ ಅವಳೇ ಅವನಿಗೆ ಚೂಡಾ ಕಟ್ಟಿ ಕಳಿಸಿದಳು. ಅವಳ ಧೈರ್ಯಕ್ಕೆ ನಕ್ಷತ್ರ ಕೊಡುವ ಮೈದಾನ ಎಲ್ಲಿದೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಹೆಣ್ಣುಮಕ್ಕಳ ವಿಚಾರದಲ್ಲಿ ನಮ್ಮ ಭಾಗ ಬಹಳ ಕಾಲ ಕಾದಿದೆ. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ಶಾಲೆ 1969ರಿಂದಲೂ ಇದೆ. ಕುದುರೆ ಸವಾರಿ, ಬಂದೂಕು, ಕವಾಯತು ಎಲ್ಲ ಕಲಿತರೂ ಅಲ್ಲಿಯ ಹುಡುಗಿಯರಿಗೆ ಖಡಕ್ವಾಸ್ಲಾದ ಬಾಗಿಲು ತೆರೆದಿರಲಿಲ್ಲ. 1992ರಿಂದ ಪದವಿ ಮುಗಿಸಿದ ಮಹಿಳೆಯರಿಗೆ ಚೆನ್ನೈನ ಅಕಾಡೆಮಿಯ ದಾರಿಯಾಯಿತು, ಅಷ್ಟೇ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ಸಿಕ್ಕಿತು. 2025ರ ಮೇ 30ರಂದು ಮೊದಲ ತಂಡದ 17 ಮಹಿಳಾ ಕೆಡೆಟ್‌ಗಳು ಖೇತರ್‌ಪಾಲ್ ಮೈದಾನದಿಂದ ಹೊರಬಂದರು. ಸೈನಿಕ ಶಾಲೆಗಳೂ 2021-22ರಿಂದ ಬಾಲಕಿಯರಿಗೆ ಬಾಗಿಲು ತೆರೆದಿವೆ. ಆ ವರ್ಷ ಆರನೇ ತರಗತಿಗೆ ಸೇರಿದವರು 2027-28ಕ್ಕೆ ಹನ್ನೆರಡನೇ ತರಗತಿಯಲ್ಲಿರುತ್ತಾರೆ. ಅಲ್ಲಿಂದ ನಾಲ್ಕೈದು ವರ್ಷಕ್ಕೆ ವಿಜಯಪುರದ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳ ಹೆಗಲಿಗೆ ಅವಳ ಅಪ್ಪ ನಕ್ಷತ್ರ ತೊಡಿಸುವುದನ್ನು ನೋಡಬೇಕೆಂಬುದು ನನ್ನ ದೊಡ್ಡ ಆಸೆ.

ರಜೆಗೆ ಬಂದ ಲೆಫ್ಟಿನೆಂಟನನ್ನು ತಿಕೋಟಾದಿಂದ ಊರಿನವರೆಗೆ ಹಲಗೆ, ಡೊಳ್ಳು ಬಾರಿಸಿಕೊಂಡು ಕರೆತಂದರು. ಹನುಮಂತದೇವರ ಗುಡಿ ಮುಂದೆ ಅವನು ಮೊದಲು ನೆರೆಯ ಪಡದವರ ಕಾಲಿಗೆ ಬಿದ್ದ. ಪಡಕ್ಕೆ ಏನೂ ಆಗಿರಲಿಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಎಲ್ಲರೂ ಹೋದೆವು, ನಂದಿಕೋಲುಗಳ ಮೆರವಣಿಗೆ ನೋಡಿದೆವು. ತೊರವಿಯ ದನದ ಜಾತ್ರೆಯಲ್ಲಿ ಅಪ್ಪ ಮಗ ಒಂದು ಜೋಡಿ ಎತ್ತಿನ ಹಲ್ಲು ಹಿಡಿದು ನೋಡುತ್ತ ಬಹಳ ಹೊತ್ತು ನಿಂತರು. ಮರುದಿನ ಜನವರಿ 15, ಸೇನಾ ದಿನ. 1949ರಲ್ಲಿ ಕಾರ್ಯಪ್ಪನವರು ಬ್ರಿಟಿಷರ ಕೈಯಿಂದ ಸೇನೆಯ ಮುಖ್ಯಸ್ಥನ ಹೊಣೆ ವಹಿಸಿಕೊಂಡ ದಿನ.

ಅಂದು ಸಂಜೆ ಬಬಲೇಶ್ವರದ ನಮ್ಮ ಮನೆಗೆ ಓಣಿಯ ಕಾಕಾ ಒಬ್ಬರು ನಾಲ್ಕನೇ ತರಗತಿಯ ಮಗಳ ಕೈ ಹಿಡಿದುಕೊಂಡು ಬಂದರು. ‘ಇಕೀದೂ ಫಾರ್ಮ್ ತುಂಬಬೇಕಂತೀನಿ, ಹ್ಯಾಂಗೇನೋ ಹೇಳಪಾ’ ಎಂದರು. ಹುಡುಗ ಚಾಪೆಯ ಮೇಲೆ ಅವಳ ಎದುರಿಗೇ ಕೂತು ನೋಟ್‌ಬುಕ್ ತೆಗೆಸಿದ. ಸೇರುವ ವರ್ಷದ ಮಾರ್ಚ್ 31ಕ್ಕೆ ಹತ್ತು ತುಂಬಿರಬೇಕು, ಹನ್ನೆರಡು ದಾಟಿರಬಾರದು. ಒಟ್ಟು 300 ಅಂಕ, ಅದರಲ್ಲಿ ಗಣಿತಕ್ಕೇ 150. ಉಳಿದದ್ದು ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಮತ್ತೆಗೆ ತಲಾ 50. ‘ಕನ್ನಡದಾಗ ಬರೀಬಹುದು, ಹೆದರಬ್ಯಾಡ. ಮಗ್ಗಿ ಎಲ್ಲೀತನಕಾ ಬರ್ತಾವ?’ ಎಂದು ಕೇಳಿದ.

‘ಹದಿನೈದರತನಕಾ’ ಎಂದಳು ಹುಡುಗಿ.

‘ಇಪ್ಪತ್ತೈದರತನಕಾ ಮಾಡು. ನಾ ಮುಂದಿನ ರಜಾಕ್ಕ ಬಂದು ಕೇಳ್ತೀನಿ.’